ಹಿಮದಲ್ಲಿ ಹುಡುಕುವ ಕೋಲು

ಹಿಮಾಲಯದ ಸ್ಕೀ ಮೈದಾನವೊಂದರಲ್ಲಿ ಹಿಮ ಕುಸಿಯುವ ಸೂಚನೆಯಿತ್ತು. ಕಾವಲುಗಾರ ಇಳಿಜಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದ.

ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕರು ಸ್ಕೀ ಕಟ್ಟಿಕೊಂಡು ಬಂದರು. "ಹಗ್ಗ ಬಿಚ್ಚೋ. ಈ ಬೆಟ್ಟ ನನ್ನ ಇಲಾಖೆಯದು."

"ಆಗಲಿ ಸ್ವಾಮಿ," ಎಂದ ಕಾವಲುಗಾರ ಉದ್ದನೆಯ ಕೋಲೊಂದನ್ನು ತಂದು ಅವರ ಹೊಟ್ಟೆಗೆ ಮೆಲ್ಲನೆ ಒತ್ತಿದ.

"ಏನೋ ಇದು?"

"ಹಿಮದಡಿ ಹೂತುಹೋದವರನ್ನು ಇದರಿಂದ ಚುಚ್ಚಿ ಹುಡುಕ್ತೀವಿ. ಗಟ್ಟಿಯಾಗಿ ತಾಗಿದರೆ ಕಲ್ಲು, ಮೆತ್ತಗೆ ತಾಗಿದರೆ ಮನುಷ್ಯ. ತಾವು ಚೆನ್ನಾಗಿ ಮೆತ್ತಗಿದ್ದೀರಿ ಸ್ವಾಮಿ, ಸಂಜೆಯೊಳಗೆ ಸಿಗ್ತೀರಿ."

ನಿರ್ದೇಶಕರು ತಕ್ಷಣ ಸ್ಕೀ ಬಿಚ್ಚಿ ಕಾರು ಹತ್ತಿದರು. ಟಿಕೆಟ್ ಹಿಡಿದು ಕಾದಿದ್ದ ಜನರನ್ನು ಕಿಟಕಿಯಿಂದಲೇ ತೋರಿಸಿದರು.

"ನನ್ನ ಕಾರು ಬೆಟ್ಟ ಇಳಿದ ಮೇಲೆ ಹಗ್ಗ ಬಿಚ್ಚಿ ಇವರನ್ನು ಇಳಿಜಾರಿಗೆ ಬಿಡು. ಇಲ್ಲದಿದ್ದರೆ ನಾಳೆಯಿಂದ ನೀನು ಬರಬೇಡ."

ಕಾವಲುಗಾರನ ಬಳಿ ಇನ್ನೊಂದು ಉಪಾಯ ಇರಲಿಲ್ಲ.