ರಾಜನಿಗೆ ಹೊದಿಸಿದ ಶಾಲು

ಬನ್ನಿ ಮಕ್ಕಳೇ, ಕೂತುಕೊಳ್ಳಿ. ತೀರಾ ಮೈಗೆ ಅಂಟಿ ಕೂರಬೇಡಿ, ಸೆಕೆ. ಈ ಕಥೆಯಲ್ಲಿ ದೊಡ್ಡವರೆಲ್ಲ ದಡ್ಡರು. ನಾನು ಯಾರ ಪೈಕಿ ಅನ್ನುವುದು ನನ್ನ ತಲೆಗೂದಲು ನೋಡಿದರೇ ಗೊತ್ತಾಗುತ್ತದೆ.

ಬೋಳುಗುಡ್ಡ ಅಂತ ಒಂದು ರಾಜ್ಯ. ಮೊದಲು ಅದಕ್ಕೆ ಹಸಿರುಗುಡ್ಡ ಅನ್ನುತ್ತಿದ್ದರಂತೆ. ಅಲ್ಲಿನ ರಾಜ ಉದ್ದಂಡರಾಯ. ಕೆಟ್ಟವನೇನಲ್ಲ, ಸೆಕೆ ಮಾತ್ರ ತಡೆಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ, ಮೇಲಕ್ಕೆ ಹೋದರೆ ಗಾಳಿ ಸಿಕ್ಕೀತು ಅಂತ ಅರಮನೆಗೆ ಒಂದು ಉಪ್ಪರಿಗೆ ಕಟ್ಟಿಸಿದ. ಉಪ್ಪರಿಗೆಗೆ ಇಟ್ಟಿಗೆ ಬೇಕು. ಇಟ್ಟಿಗೆ ಸುಡಲು ಸೌದೆ ಬೇಕು. ಸೌದೆ ಗುಡ್ಡದ ಮೇಲಿತ್ತು. ಕಡಿದರು. ಗುಡ್ಡದ ಒಂದು ಮಗ್ಗುಲು ಬೋಳಾಯಿತು, ಸೆಕೆ ಹೆಚ್ಚಾಯಿತು. ಸೆಕೆ ಹೆಚ್ಚಾಯಿತಲ್ಲ ಅಂತ ರಾಜ ಎರಡನೇ ಉಪ್ಪರಿಗೆ ಕಟ್ಟಿಸಿದ. ಇನ್ನೊಂದು ಮಗ್ಗುಲು ಬೋಳಾಯಿತು, ಸೆಕೆ ಇನ್ನೂ ಹೆಚ್ಚಾಯಿತು. ಆಮೇಲೆ ಮೂರನೆಯದು. ಮಂತ್ರಿಗಳು, ಊರ ಹಿರಿಯರು, ನನ್ನಂಥ ಕಥೆ ಹೇಳುವವರು, ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತ ಇನ್ನೊಂದು ಅಂತಸ್ತು ಎದ್ದರೆ ಎಲ್ಲ ಸರಿಹೋಗುತ್ತದೆ ಅಂತ ತಲೆಯಾಡಿಸಿದೆವು. ತಲೆಯಾಡಿಸಿದರೂ ಒಂದಿಷ್ಟು ಗಾಳಿ ಬರುತ್ತದೆ ನೋಡಿ.

ಗುಡ್ಡದ ಬುಡದಲ್ಲಿ ಒಂದು ಒರತೆಯಿತ್ತು. ಊರಿಗೆಲ್ಲ ಅದೇ ಕುಡಿಯುವ ನೀರು. ಮೊದಲನೇ ಉಪ್ಪರಿಗೆ ಎದ್ದಾಗ ಅಲ್ಲಿ ಬಿಂದಿಗೆ ಮುಳುಗುತ್ತಿತ್ತು. ಎರಡನೆಯದು ಎದ್ದಾಗ ಚೊಂಬಿನಲ್ಲಿ ಮೊಗೆಯಬೇಕಾಯಿತು. ಮೂರನೆಯದು ಎದ್ದ ಮೇಲೆ ತೆಂಗಿನ ಚಿಪ್ಪೇ ಗತಿ.

ಆ ನೀರು ಹೊರುತ್ತಿದ್ದವಳು ಕೆಂಚಮ್ಮ, ಇನ್ನೂ ಮದುವೆಯಾಗದ ಹುಡುಗಿ. ಅವಳ ಅಕ್ಕ ಬಾಣಂತಿ. ಮನೆಯಲ್ಲಿ ಎಳೆಕೂಸು. ಕುಡಿಯಲು ನೀರು ಸಾಲದೆ ಅಕ್ಕನ ಎದೆಹಾಲು ಬತ್ತುತ್ತಿತ್ತು, ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿರುತ್ತಿತ್ತು. ಅಷ್ಟರಲ್ಲಿ ನಾಲ್ಕನೇ ಉಪ್ಪರಿಗೆ ಏಳುತ್ತದೆ ಅಂತ ಡಂಗುರ ಹೊಡೆದರು. ಗುಡ್ಡದಲ್ಲಿ ಉಳಿದಿದ್ದದ್ದು ಒರತೆಯ ನೆತ್ತಿಯ ಮೇಲಿನ ಒಂದು ತೋಪು. ತೋಪು ಹೋದರೆ ಒರತೆ ಹೋಯಿತು. ಒರತೆ ಹೋದರೆ ಕೂಸು ಉಳಿಯುವುದಿಲ್ಲ. ಇದು ಕೆಂಚಮ್ಮನಿಗೆ ಹೊಳೆಯಿತು. ನಮಗೆ ಹೊಳೆಯಲಿಲ್ಲ, ನಾವು ಉಂಡು ಮಲಗಿದ್ದೆವು.

ಅವಳು ಓರಗೆಯ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಅರಮನೆಗೆ ಹೋಗಿ, ತೋಪು ಕಡಿಯಬೇಡಿ ಅಂತ ಬೇಡಿಕೊಂಡಳು. ರಾಜ ಕಣ್ಣೊರೆಸಿಕೊಂಡ. ಎಂಥ ಮಕ್ಕಳು, ಎಂಥ ಮಾತು ಅಂತ ಹೊಗಳಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ. ಇಟ್ಟಿಗೆ ಅಚ್ಚು ಹಾಕುವುದು ನಿಲ್ಲಲಿಲ್ಲ.

ಎರಡನೇ ಸಲ ಹೋದಳು. ಈ ಸಲ ಶಾಲಿನ ಜೊತೆ ಪೇಟ ಸುತ್ತಿದರು, 'ನಾಡಿನ ನಾಳೆ' ಅಂತ ಬಿರುದು ಕೊಟ್ಟರು. ಹಿರಿಯರೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಮೂರನೇ ಸಲ ಹೋದಾಗ ರಾಜ ಅವಳಿಗೆ ಮತ್ತೊಂದು ಶಾಲು ಹೊದಿಸಿ, ಸಭೆಯಲ್ಲೇ ಒಂದು ಆಸನ ಹಾಕಿಸಿದ. ಮಾತಾಡಲು ಎದ್ದರೆ ಮಾತ್ರ ಪಕ್ಕದ ಹಿರಿಯರು ಭುಜ ತಟ್ಟಿ, ನಿಮ್ಮ ಕಾಲ ಬರುತ್ತೆ ಕಣಮ್ಮ ಅಂತ ಕೂರಿಸುತ್ತಿದ್ದರು. ಹೊರಗೆ ಸುಡುವ ಗೂಡಿಗೆ ಇಟ್ಟಿಗೆ ಜೋಡಿಸುತ್ತಿದ್ದರು.

ಮೂರನೇ ಶಾಲು ಹೊತ್ತು ಮನೆಗೆ ಬಂದ ತಂಗಿಯನ್ನು ಅಕ್ಕ ನೋಡಿದಳು.

"ಇದನ್ನ ಹಿಂಡಿದ್ರೆ ನೀರು ಬರ್ತದೇನೆ ಕೆಂಚಿ?"

ಕೆಂಚಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಅಳುವನ್ನು ನುಂಗಿ ಸಿಟ್ಟನ್ನು ಇಟ್ಟುಕೊಂಡಳು.

ಆ ರಾಜ್ಯದಲ್ಲೊಂದು ಪದ್ಧತಿ. ಸನ್ಮಾನಕ್ಕೆ ಕೂತವರು ವಂದನಾರ್ಪಣೆ ಮುಗಿಯುವ ತನಕ ಏಳುವಂತಿಲ್ಲ, ಹೊದಿಸಿದ್ದನ್ನು ತೆಗೆಯುವಂತಿಲ್ಲ. ಎದ್ದರೆ ಮಾನ ಹೋಯಿತು. ವಂದನಾರ್ಪಣೆಯಲ್ಲಿ ಜನರೆದುರು ಯಾವುದಕ್ಕೆ ವಂದನೆ ಹೇಳುತ್ತಾರೋ ಅದನ್ನು ಸನ್ಮಾನ ಪಡೆದವರು ನಡೆಸಿಕೊಡಲೇಬೇಕು. ಕೆಂಚಮ್ಮ ರಾಜನ ಹತ್ತಿರ ಹೋಗಿ, ಇಷ್ಟು ಸಲ ನಮ್ಮನ್ನು ಸನ್ಮಾನಿಸಿದ್ದೀರಿ, ನಾವೂ ನಿಮ್ಮನ್ನು ಸನ್ಮಾನಿಸಬೇಕು, ನಿಮ್ಮ ಕೆಲಸವೆಲ್ಲ ಕಾಣುವಂತೆ ಗುಡ್ಡದ ಮೇಲೇ ಆಗಲಿ ಅಂದಳು. ರಾಜ ಉಬ್ಬಿಹೋದ.

ನಡುಮಧ್ಯಾಹ್ನ. ಬೋಳು ಗುಡ್ಡ. ರಾಜನನ್ನು ಕೂರಿಸಿ ಊರಿನ ಶಾಲುಗಳನ್ನೆಲ್ಲ ಒಂದರ ಮೇಲೊಂದು ಹೊದಿಸಿದರು, ಮೇಲೊಂದು ಕಂಬಳಿ ಹಾಕಿದರು, ಪೇಟ ಬಿಗಿದರು. ಆಮೇಲೆ ಕೆಂಚಮ್ಮ ಮಾಡಿದ್ದು ಒಂದೇ ಕೆಲಸ. ಹಿರಿಯರು ನಾಲ್ಕು ಮಾತಾಡಬೇಕು ಅಂದಳು. ಮೊದಲನೆಯವರು ರಾಜನ ತಾತನಿಂದ ಶುರುಮಾಡಿದರು. ಎರಡನೆಯವರು ಮುತ್ತಾತನಿಂದ. ಮೂರನೆಯವರು, ನಾನು ಹೆಚ್ಚು ಮಾತಾಡುವುದಿಲ್ಲ ಅಂದರು. ಹಾಗಂದವರು ಎಷ್ಟು ಮಾತಾಡುತ್ತಾರೆ ಅಂತ ನಿಮಗೆ ಗೊತ್ತಲ್ಲ. ನನ್ನ ಮುಖ ಯಾಕೆ ನೋಡುತ್ತೀರಿ?

ರಾಜ ಬೆವರಿ ತೊಪ್ಪೆಯಾದ. ಸ್ವಲ್ಪ ನೆರಳಿಗೆ ಕೂರಿಸಿ ಅಂತ ಕೇಳಿದ. ನೆರಳೆಲ್ಲ ನಿಮ್ಮ ಇಟ್ಟಿಗೆ ಗೂಡಿಗೆ ಹೋಗಿದೆ ಅಂದಳು ಕೆಂಚಮ್ಮ. ನೀರು ಕೇಳಿದ. ಚಿಪ್ಪಿನ ತಳದಲ್ಲಿ ಒಂದು ಗುಟುಕು ತಂದುಕೊಟ್ಟು, ಮುಂದಿನದು ಜಿನುಗುವ ತನಕ ಕಾಯಬೇಕು ಅಂದಳು. ಕೊನೆಗೆ ರಾಜನ ನಾಲಿಗೆ ಅಂಗುಳಕ್ಕೆ ಅಂಟಿತು.

"ವಂದನಾರ್ಪಣೆ ಮಾಡು ತಾಯಿ, ಸಾಯ್ತೀನಿ."

"ಮಾಡ್ತೀನಿ ಬುದ್ಧಿ. ಏನಕ್ಕೆ ವಂದನೆ ಹೇಳ್ಲಿ?"

ರಾಜ ಕಂಬಳಿಯ ಅಂಚಿನಿಂದ ಬೆವರು ಒರೆಸಿಕೊಂಡ.

"ನಮ್ಮನೆ ಕೂಸಿಗೆ ದಿನಾ ಹಿಂಗೇ ಆಗ್ತಾ ಐತೆ," ಅಂದಳು ಕೆಂಚಮ್ಮ. "ಅದಕ್ಕೆ ವಂದನಾರ್ಪಣೆ ಮಾಡೋರೂ ಇಲ್ಲ."

ರಾಜ ಆ ಚಿಪ್ಪನ್ನು ನೋಡಿದ. ಒರತೆಯ ಕಡೆ ನೋಡಿದ. ತಾನು ಕೂತಲ್ಲಿಂದ ಅರಮನೆಯ ಮೂರೂ ಉಪ್ಪರಿಗೆ ಚೆನ್ನಾಗಿ ಕಾಣುತ್ತಿದ್ದವು, ಒಂದರಲ್ಲೂ ಗಾಳಿ ಸಿಕ್ಕಿರಲಿಲ್ಲ. ನಾಲ್ಕನೆಯದು ಬೇಡ ಅಂದ. ಅವಳು ಜನರ ಕಡೆ ತಿರುಗಿ, ಅದಕ್ಕೆ ವಂದನೆ ಅಂದಳು. ಗೂಡು ಹಚ್ಚುವುದಿಲ್ಲ ಅಂದ. ಅದಕ್ಕೂ ವಂದನೆ. ಗುಡ್ಡಕ್ಕೆಲ್ಲ ಸಸಿ ನೆಡಿಸುತ್ತೇನೆ ಅಂದ. ಅವಳು ಸುಮ್ಮನೆ ನಿಂತಳು. ರಾಜ ಕಂಬಳಿಯೊಳಗಿಂದ ಅವಳ ಮುಖ ನೋಡಿ, ನಾನೇ ನೆಡುತ್ತೇನೆ ಅಂದ. ಆಗ ವಂದನಾರ್ಪಣೆ ಮುಗಿಯಿತು.

ತೋಪು ಉಳಿಯಿತು. ಒರತೆ ಬತ್ತಲಿಲ್ಲ, ಆದರೆ ಮೊದಲಿನಂತೆ ತುಂಬಿ ಹರಿಯಲೂ ಇಲ್ಲ. ನೆಟ್ಟ ಸಸಿ ಮರವಾಗುವುದು ಡಂಗುರ ಹೊಡೆದಷ್ಟು ಸುಲಭವಲ್ಲ. ಕೂಸು ಬದುಕಿತು. ಇನ್ನೊಂದು ಬೇಸಿಗೆ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ, ಈ ಕಥೆಯೂ ಇರುತ್ತಿರಲಿಲ್ಲ. ಹುಡುಗರು ಗುಂಡಿ ತೋಡಿದರು, ರಾಜ ಸಸಿ ನೆಟ್ಟು ನೀರು ಹೊತ್ತ. ಹಿರಿಯರು ಪಕ್ಕದಲ್ಲಿ ನಿಂತು ಹಾರೆ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟೆವು, ಕೊನೆಗೆ ಕೆಂಚಮ್ಮ ಹಾರೆಯನ್ನೇ ನಮ್ಮ ಕೈಗೆ ಕೊಟ್ಟುಬಿಟ್ಟಳು.

ಕಥೆಯ ನೀತಿ ಇಷ್ಟೇ. ಬೆಂಕಿ ಬಿದ್ದಿದೆ ಅಂತ ಮಕ್ಕಳು ಕೂಗಿದರೆ, ಅವರ ಕಂಠ ಚೆನ್ನಾಗಿದೆ ಅಂತ ಹೊಗಳುತ್ತ ಕೂರಬಾರದು. ಹೊತ್ತು ಮೀರುವ ಮೊದಲೇ ಎದ್ದು ಅವರ ಜೊತೆ ನೀರು ಹೊರಬೇಕು.

ಚಪ್ಪಾಳೆ ಬೇಡ ಮಕ್ಕಳೇ. ಆಚೆ ಸಸಿಗಳು ಬಿಸಿಲಿಗೆ ಬಾಡುತ್ತಿವೆ. ನಡೆಯಿರಿ. ನಾನೂ ಬರುತ್ತೇನೆ. ಯಾರಾದರೂ ಕೈ ಕೊಡಿ, ಕೂತು ಕೂತು ನನ್ನ ಮೊಣಕಾಲು ಹಿಡಿದುಕೊಂಡಿದೆ.