ಒಗೆಯದ ಕೌದಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಬೆಳಗಾದರೆ ಸೀನು, ಮೂಗಿನಲ್ಲಿ ನಿಲ್ಲದ ಸಿಂಬಳ. ಇದರ ಕಾರಣವೊಂದು ತಿಳಿದರೆ ಸಾಕು, ರೋಗ ಹೋದಂತೆಯೇ ಅಲ್ಲವೇ?”

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಅವನ ಹೆಂಡತಿ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಒಂದು ಕೌದಿ ಹೊಲಿದಿದ್ದಳು. ಅವಳು ತೀರಿಕೊಂಡ ಮೇಲೆ ವರ್ತಕ ಅದನ್ನು ಮಗಳಿಗೆ ಹೊದಿಸತೊಡಗಿದ. ಒಗೆಯಲು ಬಿಡಲಿಲ್ಲ, ಬಿಸಿಲಿಗೆ ಹಾಕಲೂ ಬಿಡಲಿಲ್ಲ.

ವರ್ಷ ಕಳೆಯುವುದರೊಳಗೆ ಮಗಳಿಗೆ ಸೀನು ಹತ್ತಿಕೊಂಡಿತು. ಮೂಗು ಸುರಿಯುತ್ತಿತ್ತು, ಇಲ್ಲವೇ ಕಟ್ಟಿರುತ್ತಿತ್ತು. ಬಾಯಿಯಿಂದಲೇ ಉಸಿರಾಡಿ ತುಟಿ ಒಡೆಯಿತು. ಬರಬರುತ್ತ ಎದೆಯಲ್ಲೂ ಸುಯ್ ಎಂಬ ಸದ್ದು ಸೇರಿತು.

ವರ್ತಕ ಕಾರಣ ಹುಡುಕಿದ. ಹೂವಿನ ಪುಡಿ ಇರಬೇಕೆಂದು ಅಂಗಳದ ಮರ ಕಡಿಸಿದ. ಮಗಳು ಅಳುತ್ತಿದ್ದರೂ ಬೆಕ್ಕನ್ನು ಚೀಲದಲ್ಲಿ ಹಾಕಿಸಿ ದೂರ ಬಿಡಿಸಿದ. ಧೂಳೆಬ್ಬಿಸುತ್ತಾಳೆಂದು ಕೆಲಸದವಳನ್ನು ತೆಗೆದುಹಾಕಿದ. ಇನ್ನು ಉಳಿದಿರುವುದು ಗಾಳಿಯೊಂದೇ, ಅದನ್ನೂ ಊರು ಬಿಡಿಸಿ ಯಜಮಾನರೇ ಎಂದು ಅವಳು ಹೇಳಿಹೋದಳು.

ಕೊನೆಗೆ ವೈದ್ಯ ಬಂದ. ಹಾಸಿಗೆ ನೋಡಿದ, ಕೌದಿಯನ್ನು ಒಮ್ಮೆ ಕೊಡವಿದ. ಮಗು ಸೀನತೊಡಗಿತು. ಒಗೆಯದ ಹೊದಿಕೆಯಲ್ಲಿ ಧೂಳೂ ಕಣ್ಣಿಗೆ ಕಾಣದ ಹುಳುಗಳೂ ಸೇರುತ್ತವೆ, ಅವನ್ನು ಹೊರಹಾಕಲೆಂದೇ ಮೂಗು ನೀರು ಸುರಿಸುತ್ತದೆ, ಇದನ್ನು ಇಂದೇ ಕುದಿನೀರಿಗೆ ಹಾಕಿ ಎಂದ.

“ಒಗೆದರೆ ಅವಳ ಅಮ್ಮನ ವಾಸನೆ ಹೋಗುತ್ತದೆ,” ಎಂದ ವರ್ತಕ. “ಮಗುವಿಗೆ ಉಳಿದಿರುವುದು ಅದೊಂದೇ.”

“ನನಗೆ ಯಾವ ವಾಸನೆಯೂ ಬರುವುದಿಲ್ಲ ಅಪ್ಪ,” ಎಂದಳು ಮಗಳು. “ಮೂಗು ಕಟ್ಟಿದೆ.”

ವೈದ್ಯ ಹೋದ ಮೇಲೆ ವರ್ತಕ ಒಲೆಯ ಮೇಲೆ ಹಂಡೆ ಇಟ್ಟ. ನೀರು ಕುದಿಯಿತು. ಅವನು ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಒಲೆ ಆರಿತು, ನೀರು ತಣಿಯಿತು. ಸಂಜೆ ಅದನ್ನೇ ತಂದು ಮಗಳಿಗೆ ಹೊದಿಸಿದ. ಮಗಳು ಅವನ ಮುಖ ನೋಡಿದಳು. ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡು, ಈಗ ವಾಸನೆ ಬರುತ್ತಿದೆ ಎಂದು ಸುಳ್ಳು ಹೇಳಿದಳು.

ಆ ಚಳಿಗಾಲವನ್ನು ಅವಳು ದಾಟಲಿಲ್ಲ.

ಶಿಷ್ಯ, “ಕಾರಣ ಮೊದಲೇ ತಿಳಿದಿದ್ದರೆ ಮಗು ಉಳಿಯುತ್ತಿತ್ತು,” ಎಂದ.

ಗುರುಗಳು ಹೇಳಿದರು: “ಅವನಿಗೆ ಮೊದಲೇ ತಿಳಿದಿತ್ತು, ಅದಕ್ಕೇ ಉಳಿದೆಲ್ಲ ಕಡೆ ಹುಡುಕಿದ.”