ಅಟ್ಟಣಿಗೆಯ ಮೇಲಿನ ಹಸಿದವನು

ಒಂದು ಉಪದೇಶಿ ಶಾಲೆಯಲ್ಲಿ ಇನ್ನಾಸಿ ಎಂಬ ವಿದ್ಯಾರ್ಥಿ ಇದ್ದ. ಉಪದೇಶಿ ಎಂದರೆ, ಪಾದ್ರಿಗಳು ಅಪರೂಪಕ್ಕೆ ಬರುವ ಹಳ್ಳಿಗಳಲ್ಲಿ ಮಕ್ಕಳಿಗೆ ಜಪ ಕಲಿಸುವವನು, ಭಾನುವಾರ ಪ್ರಾರ್ಥನೆ ನಡೆಸುವವನು, ಗಂಡ ಹೆಂಡಿರ ಜಗಳ ಬಿಡಿಸುವವನು. ಇನ್ನಾಸಿಗೆ ಮೂರನೆಯದು ಚೆನ್ನಾಗಿ ಬರುತ್ತಿತ್ತು. ಮೊದಲೆರಡಕ್ಕೆ ನೆನಪು ಬೇಕು. ಚಪ್ಪಲಿ ಎಲ್ಲಿ ಬಿಟ್ಟೆ ಎಂದು ದಿನಾ ಊರೆಲ್ಲ ಹುಡುಕುವವನಿಗೆ ಧರ್ಮೋಪದೇಶ ಎಲ್ಲಿ ನೆನಪಿರಬೇಕು?

ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಗಂಟುಮೂಟೆ ಕಟ್ಟಬೇಕು. ಊರಿನಲ್ಲಿ ಸೋದರಮಾವ ಹಂದಿಗೂಡಿನ ಕೆಲಸಕ್ಕೆ ಅವನನ್ನೇ ಕಾಯುತ್ತ ಕೂತಿದ್ದ. ಆಗಾಗ ಫೋನು ಮಾಡಿ, ಫೇಲಾದೆಯೇನೋ ಅಳಿಯ ಎಂದು ಆಸೆಯಿಂದ ವಿಚಾರಿಸುತ್ತಿದ್ದ. ಇನ್ನಾಸಿಗಾದರೋ ಉಪದೇಶಿಯಾಗುವುದು ಬಿಟ್ಟರೆ ಬದುಕಿನಲ್ಲಿ ಇನ್ನೊಂದು ಆಸೆ ಇರಲಿಲ್ಲ.

ಅವನಿಗೆ ಪಾಠ ಹೇಳುತ್ತಿದ್ದವರು ಫಾದರ್ ಫಾತಿರಾಜ್. ಅವರಿಗೆ ಹಳೆಯ ಕಾಲದ ವಿದ್ಯೆಯ ಮೇಲೆ ಬಹಳ ನಂಬಿಕೆ. ಪುಸ್ತಕ ಕೈಗೆ ಸಿಗದಿದ್ದ ಕಾಲದಲ್ಲಿ ಮಠದ ಸನ್ಯಾಸಿಗಳು ತಲೆಯೊಳಗೇ ಒಂದು ಮನೆ ಕಟ್ಟಿಕೊಂಡು, ಮೂಲೆ ಮೂಲೆಯಲ್ಲೂ ಒಂದೊಂದು ಪಾಠ ಇಟ್ಟಿರುತ್ತಿದ್ದರಂತೆ. ಬೇಕಾದಾಗ ಮನಸ್ಸಿನಲ್ಲೇ ಆ ಮನೆಯೊಳಗೆ ಅಡ್ಡಾಡಿ ಎತ್ತಿಕೊಂಡು ಬರುತ್ತಿದ್ದರಂತೆ. ನಿನಗೆ ಚೆನ್ನಾಗಿ ಗೊತ್ತಿರುವ ಜಾಗ ಯಾವುದು, ಅಲ್ಲಿ ನಿನ್ನ ಪಾಠ ಇಡು ಎಂದು ಫಾದರ್ ಹೇಳಿದರು. ಇನ್ನಾಸಿಗೆ ಚೆನ್ನಾಗಿ ಗೊತ್ತಿದ್ದದ್ದು ಅಡುಗೆಮನೆ ಒಂದೇ.

ಪರೀಕ್ಷೆಗೆ ಇಟ್ಟಿದ್ದದ್ದು ಏಳು ದಯಾಕಾರ್ಯಗಳ ಪಾಠ. ಹಸಿದವರಿಗೆ ಊಟ ಹಾಕುವುದು, ಬಾಯಾರಿದವರಿಗೆ ನೀರು ಕೊಡುವುದು, ಬಟ್ಟೆಯಿಲ್ಲದವರಿಗೆ ಬಟ್ಟೆ ಉಡಿಸುವುದು, ಪರದೇಶಿಗೆ ಆಸರೆ ಕೊಡುವುದು, ರೋಗಿಯ ಆರೈಕೆ ಮಾಡುವುದು, ಸೆರೆಯಲ್ಲಿರುವವರನ್ನು ಹೋಗಿ ನೋಡುವುದು, ಸತ್ತವರನ್ನು ಹೂಳುವುದು. ಇಷ್ಟೇ. ಇನ್ನಾಸಿ ಮಾತ್ರ ಬಟ್ಟೆಯವರೆಗೆ ಹೋಗಿ, ಮತ್ತೆ ಊಟಕ್ಕೆ ವಾಪಸು ಬರುತ್ತಿದ್ದ.

ಅಡುಗೆಮನೆಯ ಅಟ್ಟಣಿಗೆಯ ಮೇಲೆ ಏಳು ಪಾತ್ರೆಗಳು ಸಾಲಾಗಿದ್ದವು. ಅವುಗಳ ಕೆಳಗೆ ಗೋಡೆಯ ಮೊಳೆಗಳಿಗೆ ಏಳು ಸೌಟುಗಳು ನೇತಾಡುತ್ತಿದ್ದವು. ಇನ್ನಾಸಿ ಮೇಲಿನ ಸಾಲಿನಲ್ಲಿ ಜನರನ್ನು ಕೂರಿಸಿದ, ಕೆಳಗಿನ ಸಾಲಿನಲ್ಲಿ ಕೆಲಸಗಳನ್ನು ತೂಗುಹಾಕಿದ. ಮೊದಲಿನ ದೊಡ್ಡ ಕೊಪ್ಪರಿಗೆ ಹಸಿದವನು, ಅದರ ಕೆಳಗಿನ ಅನ್ನದ ಸೌಟು ಊಟ ಹಾಕುವುದು. ಕೊನೆಯ ಪುಟ್ಟ ಮಸಿ ದಬರಿ ಸತ್ತವನು, ಅದರ ಕೆಳಗಿನ ಸೊಟ್ಟ ಸೌಟು ಹೂಳುವುದು. ಎಡದಿಂದ ಬಲಕ್ಕೆ ನೋಡಿಕೊಂಡು ಹೋದರೆ ಪಾಠ ಮುಗಿಯಿತು. ಅರ್ಥದ ತಂಟೆಯೇ ಇಲ್ಲ.

ಉಪಾಯ ಫಲಿಸಿತು. ಫಾದರ್ ಹಿಗ್ಗಿ ಹೀರೇಕಾಯಿಯಾದರು. ಪರೀಕ್ಷೆ ಮುಗಿಯುವವರೆಗೆ ಆ ಪಾತ್ರೆ, ಸೌಟುಗಳನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದರು. ಈ ಕತೆ ಹೇಳುತ್ತಿರುವ ನಾನು ನಾಲ್ಕಾರು ದೇಶಗಳ ಮಠಗಳಲ್ಲಿ ಉಂಡಿದ್ದೇನೆ. ಅಡುಗೆಯವಳಿಗೆ ಹೀಗೆ ಅಪ್ಪಣೆ ಮಾಡುವ ಧೈರ್ಯ ಇವರೊಬ್ಬರಿಗೇ ಬಂದದ್ದು.

ಅಡುಗೆಯ ಮದಲೇನಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಹಸಿದೋನನ್ನ ಮೇಲೆ ಕೂರಿಸಿಬಿಟ್ರೆ ಅನ್ನ ಯಾವುದ್ರಲ್ಲಿ ಬೇಯಿಸ್ಲಿ ಫಾದರ್, ನನ್ನ ತಲೆ ಮೇಲಾ?"

ವಿದ್ಯೆಗೋಸ್ಕರ ಸ್ವಲ್ಪ ಸಹಿಸಿಕೊಳ್ಳಮ್ಮ ಎಂದರು ಫಾದರ್. ಮದಲೇನಮ್ಮ ಮನೆಯಿಂದ ತನ್ನ ಸಣ್ಣ ತಪ್ಪಲೆ ತಂದು, ಕಂತು ಕಂತಾಗಿ ಅನ್ನ ಮಾಡತೊಡಗಿದಳು. ಬಡಿಸುವುದು ಟೀ ಲೋಟದಲ್ಲಿ. ಮೊದಲು ಕೂತವರಿಗೆ ಅರ್ಧ ಹೊಟ್ಟೆ, ಕೊನೆಗೆ ಕೂತವರಿಗೆ ಸಾರಿನ ವಾಸನೆ. ಹುಡುಗರ ಪ್ಯಾಂಟುಗಳೆಲ್ಲ ಸಡಿಲವಾದವು. ಅವರು ಖಾಲಿ ತಟ್ಟೆ ಹಿಡಿದು ಕ್ಯೂ ನಿಂತಿದ್ದರೆ, ಇನ್ನಾಸಿ ಅಟ್ಟಣಿಗೆಯ ಮುಂದೆ ಬೆರಳು ಆಡಿಸುತ್ತ, ಹಸಿದವರಿಗೆ ಊಟ ಹಾಕುವುದು, ಹಸಿದವರಿಗೆ ಊಟ ಹಾಕುವುದು ಎಂದು ಭಕ್ತಿಯಿಂದ ಜಪಿಸುತ್ತಿದ್ದ. ಅವನ ಗೆಳೆಯ ಜೋಜಪ್ಪ ಒಂದು ದಿನ ತಟ್ಟೆ ಬಡಿದು, ಹಾಕೋ ಮತ್ತೆ ಎಂದು ಕೇಳಿಯೂ ಕೇಳಿದ. ಇನ್ನಾಸಿ, ಓದುವಾಗ ಮಾತಾಡಿಸಬೇಡ ಎಂದು ರೇಗಿದ.

ಪರೀಕ್ಷೆಯ ದಿನ ಬಂತು. ಪರೀಕ್ಷೆ ಮಾಡಲು ಪಟ್ಟಣದಿಂದ ಬಂದವರು ಮದರ್ ಸಿಸಿಲ್ಯ. ಹಣ್ಣು ಹಣ್ಣು ಮುದುಕಿ, ಜಪ ಕೇಳಿ ಕೇಳಿ ಕಣ್ಣು ಮುಚ್ಚಿಕೊಂಡೇ ತಪ್ಪು ಹಿಡಿಯುವವರು. ಪರೀಕ್ಷೆ ನಡೆಯುವುದು ಊಟದ ಹಾಲ್‌ನಲ್ಲಿ. ಅಲ್ಲಿಂದ ಬಡಿಸುವ ಕಿಂಡಿಯ ಮೂಲಕ ಅಟ್ಟಣಿಗೆ ಕಾಣುತ್ತಿತ್ತು. ಇನ್ನಾಸಿ ಮೊದಲೇ ಹೋಗಿ ಕಿಂಡಿಗೆ ಎದುರಾದ ಬೆಂಚು ಹಿಡಿದ.

ಆದರೆ ಅವತ್ತು ಬೆಳಿಗ್ಗೆ ಮದಲೇನಮ್ಮನಿಗೆ ಮರ್ಯಾದೆಯ ಪ್ರಶ್ನೆ ಎದುರಾಗಿತ್ತು. ಮದರ್ ಎದುರಿಗೆ ಟೀ ಲೋಟದಲ್ಲಿ ಅನ್ನ ಬಡಿಸಲು ಆಗುತ್ತದೆಯೇ? ಅವಳು ಕೊಪ್ಪರಿಗೆ ಇಳಿಸಿ ಅನ್ನ ಮಾಡಿ, ಬುಟ್ಟಿಗೆ ಬಗ್ಗಿಸಿದಳು. ಕೈ ಹಾಕಿದ್ದಾಯಿತಲ್ಲ ಎಂದು ಏಳು ಪಾತ್ರೆಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ಸಣ್ಣದರಿಂದ ದೊಡ್ಡದಕ್ಕೆ ಅಂದವಾಗಿ ಜೋಡಿಸಿಟ್ಟಳು. ಸೌಟುಗಳು ಮಾತ್ರ ಇದ್ದಲ್ಲೇ ಇದ್ದವು.

ಇನ್ನಾಸಿಯ ಸರದಿ ಬಂತು. ಅವನು ಎದ್ದು ನಿಂತು, ಕಿಂಡಿಯ ಕಡೆ ಕಣ್ಣಿಟ್ಟು, ಗಟ್ಟಿ ದನಿಯಲ್ಲಿ ಶುರುಮಾಡಿದ.

"ಸತ್ತವರಿಗೆ ಊಟ ಹಾಕುವುದು."

ಮದರ್ ಒಂದು ಕಣ್ಣು ತೆರೆದರು. ಅಕ್ಕಪಕ್ಕದ ಕೇರಿಗಳಲ್ಲಿ ವರ್ಷಕ್ಕೊಮ್ಮೆ ಹಾಗೂ ಮಾಡುವುದುಂಟು, ಹೋಗಲಿ ಎಂದುಕೊಂಡರು. ಬಟ್ಟೆಯಿಲ್ಲದವರನ್ನು ಹೋಗಿ ನೋಡುವುದು ಎಂದಾಗ ಎರಡೂ ಕಣ್ಣು ತೆರೆದರು. ಇನ್ನಾಸಿ ಅನುಮಾನವೇ ಇಲ್ಲದೆ ಕೊನೆಯ ಪಾತ್ರೆಗೆ ಬಂದ.

"ಹಸಿದವರನ್ನು ಹೂಳುವುದು."

ಹಿಂದಿನ ಬೆಂಚುಗಳಲ್ಲಿದ್ದವರೆಲ್ಲ ಹಸಿದವರೇ. ಇಡೀ ಹಾಲ್ ಗೊಳ್ಳೆಂದಿತು. ಇದನ್ನು ಕಲಿಸಿದವರು ಯಾರು ಎಂದು ಮದರ್ ಕೇಳಿದರು. ಫಾದರ್ ಫಾತಿರಾಜ್ ಎದ್ದು ನಿಂತು ಹಳೆಯ ಸನ್ಯಾಸಿಗಳಿಂದ ವಿವರಣೆ ಶುರುಮಾಡಿದರು. ಅಷ್ಟರಲ್ಲಿ ಮದಲೇನಮ್ಮ ಕಿಂಡಿಯಿಂದ ತಲೆ ಹೊರಗೆ ಹಾಕಿ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಆ ಹಸಿದವನ ದೆಸೆಯಿಂದ ಇಲ್ಲಿ ಯಾರೂ ಹೊಟ್ಟೆ ತುಂಬ ಉಂಡಿಲ್ಲ ಮದರ್ ಎಂದಳು. ಫಾದರ್‌ಗೆ ಬಿ.ಪಿ. ಏರಿತು. ತಲೆ ಹಿಡಿದುಕೊಂಡು ಕೋಣೆಗೆ ಹೋಗಿ ಮಲಗಿದರು.

ಇನ್ನಾಸಿಯ ಮೂಗಿಗೆ ಆಗಲೇ ಹಂದಿಗೂಡಿನ ವಾಸನೆ ಹೊಡೆಯತೊಡಗಿತ್ತು.

ಮದರ್ ಬಯ್ಯಲಿಲ್ಲ. ಅವರಿಗೂ ಹಸಿವಾಗಿತ್ತು. "ಮೊದಲು ಬಡಿಸು ಮಗ. ಮಿಕ್ಕಿದ್ದು ಆಮೇಲೆ ಕೇಳ್ತೀನಿ" ಎಂದರು.

ಇನ್ನಾಸಿ ದೊಡ್ಡ ಸೌಟು ಕೆಳಗಿಳಿಸಿ ಬಡಿಸಿದ. ಜೋಜಪ್ಪ ಉಂಡ ರೀತಿ ನೋಡಿ ಅವನಿಗೆ ಏನೋ ಆಯಿತು, ಕೇಳದೆಯೇ ಇನ್ನೊಂದು ಸೌಟು ಹಾಕಿದ. ಆ ಗಡಿಬಿಡಿಯಲ್ಲಿ ಸಾರು ಜೋಜಪ್ಪನ ಶರ್ಟಿನ ಮೇಲೆಲ್ಲ ಚೆಲ್ಲಿತು. ಇನ್ನಾಸಿ ಓಡಿಹೋಗಿ ತನ್ನ ಶರ್ಟು ತಂದುಕೊಟ್ಟ. ಮದರ್ ಅವರ ಕಾರಿನ ಡ್ರೈವರ್ ತೆಲುಗಿನವನು, ಯಾರ ಪರಿಚಯವೂ ಇಲ್ಲದೆ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ಅವನಿಗೆ ಚೊಂಬು ನೀರು ಕೊಟ್ಟು, ಊಟ ಹಾಕಿ, ಮಲಗಲು ಜಗಲಿಯಲ್ಲಿ ಚಾಪೆ ಹಾಸಿದ. ಕೊನೆಗೆ ಫಾದರ್‌ಗೆ ಗಂಜಿ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ ಬಂದ.

"ಈಗ ಹೇಳು" ಎಂದರು ಮದರ್.

ಇನ್ನಾಸಿ ರೂಢಿಯಂತೆ ಕಿಂಡಿಯ ಕಡೆ ತಿರುಗಿದ. ಮದಲೇನಮ್ಮ ಕಿಂಡಿಯ ಬಾಗಿಲು ಎಳೆದು, ತಟ್ಟೆ ಹಿಡಿದು ಹಾಲ್‌ನ ಹೊಸ್ತಿಲಲ್ಲಿ ಊಟಕ್ಕೆ ಕೂತಿದ್ದಳು. ನೋಡಲು ಏನೂ ಉಳಿದಿರಲಿಲ್ಲ. ಬೇರೆ ದಾರಿಯಿಲ್ಲದೆ ಜನರನ್ನೇ ನೋಡಿದ. ತಟ್ಟೆ ನೆಕ್ಕುತ್ತಿದ್ದ ಜೋಜಪ್ಪನನ್ನು ಕಂಡು, ಹಸಿದವರಿಗೆ ಊಟ ಹಾಕುವುದು ಎಂದ. ಡ್ರೈವರ್ ಬರಿದುಮಾಡಿದ ಚೊಂಬು ಕಂಡು ಎರಡನೆಯದು ಹೇಳಿದ. ಜೋಜಪ್ಪನ ಮೈಮೇಲಿನ ತನ್ನ ಶರ್ಟು, ಜಗಲಿಯ ಗೊರಕೆ, ಕೋಣೆಯ ನರಳಾಟ, ಒಂದೊಂದಾಗಿ ಐದೂ ಬಂದವು. ಎಲ್ಲೂ ತಪ್ಪಲಿಲ್ಲ.

ಆರನೆಯದಕ್ಕೆ ನಿಂತುಬಿಟ್ಟ. ಸೆರೆಯಲ್ಲಿರುವವರು ಅಲ್ಲಿ ಯಾರೂ ಕಾಣಲಿಲ್ಲ.

"ನನ್ನ ಕೂದಲು ಕರ್ರಗಿದ್ದಾಗಿಂದ ಆ ಒಲೆ ಮುಂದೆ ಬಿದ್ದಿದ್ದೀನಿ. ಹೆಂಗಿದ್ದೀಯ ಮದಲೇನಿ ಅಂತ ಒಬ್ರೂ ಒಳಗೆ ಬಂದು ಕೇಳ್ಲಿಲ್ಲ. ನನ್ನನ್ನೇ ಇಟ್ಕೋ" ಎಂದಳು ಮದಲೇನಮ್ಮ ತುತ್ತು ಕಲಸುತ್ತ.

ಹುಡುಗರು ನಕ್ಕರು. ಮದರ್ ಕೋಲೂರಿಕೊಂಡು ಎದ್ದು ಹೋಗಿ ಹೊಸ್ತಿಲಲ್ಲಿ ಅವಳ ಪಕ್ಕಕ್ಕೆ ಕೂತರು. ಇನ್ನಾಸಿ ಮೆಲ್ಲಗೆ ಆರನೆಯದನ್ನು ಹೇಳಿದ.

ಉಳಿದದ್ದು ಏಳನೆಯದು. ಇನ್ನಾಸಿ ಸತ್ತವರಿಗಾಗಿ ಹಾಲ್‌ನಲ್ಲೆಲ್ಲ ಹುಡುಕಿದ. ಅವನ ಕಣ್ಣು ಸುತ್ತಿ ಸುತ್ತಿ, ಇದ್ದವರಲ್ಲೆಲ್ಲ ಹಿರಿಯರಾದ ಮದರ್ ಮೇಲೆ ಬಂದು ನಿಂತಿತು.

"ನನ್ನನ್ನ ಯಾಕೋ ನೋಡ್ತೀಯ?" ಎಂದರು ಮದರ್. "ಅದಕ್ಕೇನೂ ಅವಸರ ಇಲ್ಲ. ಆರು ಸಾಕು. ಪಾಸು."

ನೀತಿ: ಬಾಯಿಪಾಠ ಮಾಡುವುದು ತಪ್ಪಲ್ಲ ಮಕ್ಕಳೇ, ಪಾತ್ರೆಯಿಲ್ಲದೆ ಅನ್ನ ಬೇಯುವುದಿಲ್ಲ. ಆದರೆ ಕಲಿತದ್ದನ್ನು ಯಾರೂ ಮುಟ್ಟದಂತೆ ಮೇಲಿಟ್ಟು ಕಾವಲು ಕೂತರೆ, ಅದೂ ಕೈಕೊಡುತ್ತದೆ, ಸುತ್ತಲಿನವರೂ ಉಪವಾಸ ಬೀಳುತ್ತಾರೆ. ಧರ್ಮದ ಮಾತು ಮರೆಯಬಾರದು ಎಂದಿದ್ದರೆ ಅದನ್ನು ಇಳಿಸಿ ದಿನಾ ಬಳಸಬೇಕು.